ಲಿಸ್ಬನ್ ಅಲ್ಫಾಮಾದಲ್ಲಿ ಗೈಡ್ ಜೊತೆ ಇ-ಬೈಕ್ ಟೂರ್, ಅಪ್ಪ ಅಮ್ಮನ್ನ ಕರ್ಕೊಂಡು ಹೋಗಬಹುದಾ?

ತಿಪಟೂರು_ತೆಂಗು

ನಮಸ್ಕಾರ ಎಲ್ರಿಗೂ. ನಾವಿರೋದು ಮ್ಯೂನಿಕ್‌ನಲ್ಲಿ. ನವೆಂಬರ್ ಮೊದಲ ವಾರ ಮಗಳ ಸ್ಕೂಲಿಗೆ ರಜ, ಅಷ್ಟೊತ್ತಿಗೆ ಊರಿಂದ ಅಪ್ಪ ಅಮ್ಮನೂ ಬಂದಿರ್ತಾರೆ, ಎಲ್ಲಾ ಸೇರಿ ಲಿಸ್ಬನ್‌ಗೆ ಹೋಗೋಣ ಅಂತ ಫ್ಲೈಟ್ ಬುಕ್ ಮಾಡಾಯ್ತು. ಈಗ ನಮ್ಮನೆಯವಳು ಅಲ್ಫಾಮಾ ಅನ್ನೋ ಹಳೇ ಏರಿಯಾಗೆ ಗೈಡೆಡ್ ಎಲೆಕ್ಟ್ರಿಕ್ ಬೈಕ್ ಟೂರ್ ಇದೆ ಅಂತ ಹುಡುಕಿ ಇಟ್ಟಿದಾಳೆ, ಮೂರು ಗಂಟೆ, ತಲೆಗೆ 39 ಯೂರೋ, ಹೆಲ್ಮೆಟ್ಟು ಅವರದ್ದೇ. ಬೆವರದೇ ಬೆಟ್ಟ ಹತ್ತಿ ಅಂತ ದೊಡ್ಡದಾಗಿ ಹಾಕಿದಾರೆ.

ಅಪ್ಪನಿಗೆ 66, ಇವತ್ತಿಗೂ ಬೆಳಿಗ್ಗೆ ಡೈರಿಗೆ ಹಾಲು ಹಾಕೋಕೆ ಸೈಕಲ್ಲಲ್ಲೇ ಹೋಗೋದು, ಹೇಳಿದ್ದೇ ತಡ ರೆಡಿ ಅಂದುಬಿಟ್ರು. ಅಮ್ಮ ಜನ್ಮದಲ್ಲಿ ಸೈಕಲ್ ಹತ್ತಿಲ್ಲ, ಮೇಲಿಂದ ಮಂಡಿನೋವು. ಮಗಳಿಗೆ 11. ಯಾರಾದ್ರೂ ಹೋಗಿದ್ರೆ ಹೇಳಿ, ಅಪ್ಪನಿಗೆ ನಿಭಾಯಿಸೋಕೆ ಆಗತ್ತಾ, ಅಮ್ಮನ್ನ ಆ ಮೂರು ಗಂಟೆ ಏನ್ ಮಾಡೋದು, ಮಳೆ ಬಂದ್ರೆ ಕಥೆ ಏನು? ದುಡ್ಡಿಗೆ ತಕ್ಕಂಗೆ ಏನಾದ್ರೂ ನೋಡೋಕೆ ಸಿಗತ್ತಾ ಇಲ್ಲಾ ಬರೀ ಸೆಲ್ಫಿ ಟೂರಾ?

ಪೆಡಲ್_ಪುಟ್ಟ

ಲಿಸ್ಬನ್‌ನಲ್ಲೇ ಇದೀನಿ, ಆಫೀಸಿಗೂ ಇ-ಬೈಕಲ್ಲೇ ಓಡಾಟ, ಹಾಗಾಗಿ ಸ್ವಲ್ಪ ಉದ್ದ ಬರೀತೀನಿ ಬೇಜಾರು ಮಾಡ್ಕೋಬೇಡಿ.

ಮೊದಲನೇದು, ಟೂರ್ ಹೆಸರಲ್ಲಿ ಅಲ್ಫಾಮಾ ಅಂತ ಇರತ್ತೆ, ಆದ್ರೆ ಅಲ್ಫಾಮಾ ಒಳಗೆ ಸೈಕಲ್ ಹೋಗಲ್ಲ. ಹೋಗೋಕೇ ಆಗಲ್ಲ. ಒಳಗಡೆ ಅರ್ಧಕ್ಕರ್ಧ ಮೆಟ್ಟಿಲು, ಉಳಿದಿದ್ದು ಕೈ ಚಾಚಿದ್ರೆ ಎರಡೂ ಕಡೆ ಗೋಡೆ ಸಿಗೋ ಸಂದಿ, ತಲೆ ಮೇಲೆ ಯಾರದ್ದೋ ಪಂಚೆ ಪ್ಯಾಂಟು ಒಣಗ್ತಿರತ್ತೆ. 1755ರ ನವೆಂಬರ್ 1ಕ್ಕೆ ಭಾರಿ ಭೂಕಂಪ ಆಗಿ ಕೆಳಗಿನ ಬೈಶಾ ಏರಿಯಾ ನೆಲಸಮ ಆಯ್ತು, ಸುನಾಮಿ ಬೇರೆ, ಬೆಂಕಿ ಬೇರೆ. ಅದನ್ನ ಪೊಂಬಾಲ್ ಅನ್ನೋ ಮಂತ್ರಿ ನೇರ ರಸ್ತೆ ಹಾಕಿ ಹೊಸದಾಗಿ ಕಟ್ಟಿಸಿದ. ಅಲ್ಫಾಮಾ ಗಟ್ಟಿ ಬಂಡೆ ಗುಡ್ಡದ ಮೇಲಿದ್ದಿದ್ದಕ್ಕೆ ಬಹುಪಾಲು ಉಳ್ಕೊಂತು, ಅದಕ್ಕೇ ಅಲ್ಲಿನ ಓಣಿಗಳೆಲ್ಲ ಅರಬ್ಬರ ಕಾಲದಲ್ಲಿ ಹೆಂಗೆ ಸುತ್ತಿ ಬಳಸಿ ಇದ್ವೋ ಹಂಗೇ ಇವೆ, ಸೈಕಲ್ ಹೋಗದೇ ಇರೋಕೂ ಅದೇ ಕಾರಣ. (ನಮಗೆ ನವೆಂಬರ್ ಒಂದು ಅಂದ್ರೆ ರಾಜ್ಯೋತ್ಸವ, ಇಲ್ಲಿಯವರಿಗೆ ಇದು. ನೀವು ಅದೇ ವಾರ ಬರ್ತಿದೀರಿ. ಅವತ್ತು ಇಲ್ಲಿ ಹಬ್ಬದ ರಜ.)

ಹಂಗಾದ್ರೆ ಟೂರ್ ಏನು ಮಾಡ್ತಾರೆ ಅಂದ್ರೆ, ಗುಡ್ಡದ ಮೇಲಿನ ಅಂಚಲ್ಲಿ ಹೋಗಿ ಕೆಳಗಿನ ಅಂಚಲ್ಲಿ ವಾಪಸ್ ಬರೋದು. ಹೆಚ್ಚುಕಮ್ಮಿ ಎಲ್ಲರದ್ದೂ ಒಂದೇ ದಾರಿ. ಬೈಶಾದ ಸಮತಟ್ಟು ರಸ್ತೇಲಿ ಶುರು, ಸೆ ಕೆಥೆಡ್ರಲ್ ಮುಂದೆ ಏರು, ಸಾಂತಾ ಲುಜಿಯಾ, ಪೋರ್ತಸ್ ದು ಸೋಲ್ ಅನ್ನೋ ಎರಡು ವ್ಯೂಪಾಯಿಂಟು, ಅಲ್ಲಿಂದ ಗ್ರಾಸಾ ಕಡೆ ಹತ್ತಿ ಸೆನ್ಯೋರಾ ದು ಮೋಂತಿ ಅಂತ ತುದಿಯ ವ್ಯೂಪಾಯಿಂಟು, ಆಮೇಲೆ ಸಾವ್ ವಿಸೆಂತಿ ಚರ್ಚು, ಪಾಂಥಿಯಾನ್, ಇಳಿದು ನದಿ ದಡ. ಈ ಏರು ನಡೆದು ಹತ್ತಿದ್ರೆ ಅರ್ಧ ದಿನದ ಉಸಿರು ಅಲ್ಲೇ ಹೋಗತ್ತೆ, ಇ-ಬೈಕಿಗೆ ಕೊಡೋ ದುಡ್ಡು ಇದಕ್ಕೇ. ಹಾಗಾಗಿ ಬುಕ್ ಮಾಡೋಕೆ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿ: ಮಧ್ಯದಲ್ಲಿ ಬೈಕ್ ಲಾಕ್ ಮಾಡಿ ಓಣಿಯೊಳಗೆ ನಡೆಸ್ತೀರಾ ಅಂತ. ಹೌದು ಅಂದ್ರೆ ಒಳ್ಳೇ ಟೂರು. ಇಲ್ಲ ಅಂದ್ರೆ ನೀವು ಅಲ್ಫಾಮಾನ ಸುತ್ತು ಹಾಕಿ ಬಂದಿರ್ತೀರಿ, ನೋಡಿರಲ್ಲ.

ಸಾಂತಾ ಲುಜಿಯಾ ಹತ್ರ ಎಲ್ಲಾ ನದಿ ಕಡೆ ಮುಖ ಮಾಡಿ ಫೋಟೋ ತೆಗೀತಿರ್ತಾರೆ, ನೀವು ಹಿಂದೆ ತಿರುಗಿ ಚರ್ಚ್ ಗೋಡೆ ನೋಡಿ, ನೀಲಿ ಟೈಲ್ಸ್‌ನಲ್ಲಿ ಭೂಕಂಪಕ್ಕೆ ಮುಂಚೆ ಅರಮನೆ ಚೌಕ ಹೆಂಗಿತ್ತು ಅಂತ ಚಿತ್ರ ಇದೆ, ಪಕ್ಕದಲ್ಲೇ 1147ರಲ್ಲಿ ಕ್ರೈಸ್ತ ಸೈನ್ಯ ಮೂರ್‌ಗಳ (ಆಗ ಇಲ್ಲಿ ಆಳ್ತಿದ್ದ ಮುಸ್ಲಿಮರು) ಕೈಯಿಂದ ಕೋಟೆ ಕಿತ್ಕೊಂಡ ಚಿತ್ರ. ಎಷ್ಟೋ ಗೈಡುಗಳು ಅದನ್ನ ತೋರಿಸೋದೇ ಇಲ್ಲ. ಪಾಂಥಿಯಾನ್ ಕಥೆ ಮಾತ್ರ ಎಲ್ಲಾ ಗೈಡೂ ಹೇಳೇ ಹೇಳ್ತಾರೆ, 1682ರಲ್ಲಿ ಶುರು ಮಾಡಿದ ಸಾಂತಾ ಎಂಗ್ರಾಸಿಯಾ ಚರ್ಚು ಅದು, ಗುಮ್ಮಟ ಮುಗಿದಿದ್ದು 1966ರಲ್ಲಿ, ಮುಗೀದೇ ಇರೋ ಕೆಲಸಕ್ಕೆ ಇಲ್ಲಿ ಈಗಲೂ ಸಾಂತಾ ಎಂಗ್ರಾಸಿಯಾ ಕೆಲಸ ಅಂತಾರೆ. ನಮ್ಮ ಬೆಂಗಳೂರು ಫ್ಲೈಓವರ್‌ಗಳು ಪರವಾಗಿಲ್ಲ ಅನ್ಸುತ್ತೆ ಕೇಳಿದ್ರೆ.

ಧಾರವಾಡ_ಫೇಡೆ

ನಾವು ಈ ಟೂರ್ ಮಾಡೇವ್ರಿ, ಛಲೋ ಐತಿ. ಆದ್ರ ನಿಮ್ಮ ಅಪ್ಪಾರ ಸಲುವಾಗಿ ಒಂದೆರಡು ಮಾತು. ಎಲ್ಲಾರೂ ಏರು ಹತ್ತೂದರ ಬಗ್ಗೆ ಚಿಂತಿ ಮಾಡ್ತಾರ, ಏರು ಏನೂ ಅಲ್ರಿ, ಮೋಟರ್ ಐತಿ. ಇಳಿಯೂದು ನೋಡ್ರಿ ಖರೇ ತ್ರಾಸ. ಗಾಡಿ ಇಪ್ಪತ್ತೆರಡು ಇಪ್ಪತ್ತೈದು ಕೇಜಿ ಇರ್ತದ, ಊರಾಗಿನ ಸೈಕಲ್ಲಿನಂಗ ಕಾಲು ಊರಿ ನಿಲ್ಲಸ್ತೇನಿ ಅಂದ್ರ ಆಗೂದಿಲ್ಲ. ಮತ್ತ ಯುರೋಪಿನ್ಯಾಗ ಸಾಮಾನ್ಯ ಎಡಗೈ ಬ್ರೇಕು ಮುಂದಿನ ಗಾಲಿದು, ನಮ್ಮ ಕಡೆ ಬಲಗೈದು ಮುಂದಿನದು. ನಲವತ್ತು ವರ್ಷ ಅದ ರೂಢಿ ಇದ್ದಾರಿಗೆ ಗಾಬರಿಯೊಳಗ ಎಡಗೈ ಗಟ್ಟಿ ಹಿಡದ್ರ ಮುಂದಿನ ಗಾಲಿ ಲಾಕ್ ಆಗಿ ಮುಗ್ಗರಸ್ತಾರ. ಹೊರಡೂಕಿಂತ ಮುಂಚೆ ಗೈಡ್‌ಗ ಕೇಳಿ ಖಾತ್ರಿ ಮಾಡ್ಕೊಂಡು, ಖಾಲಿ ಜಾಗಾದಾಗ ಹತ್ತು ನಿಮಿಷ ಅಪ್ಪಾರಿಗೆ ಅಡ್ಡಾಡಸ್ರಿ. ಬಲಗಡೆ ಹೋಗೂದು ಬ್ಯಾರೆ ನೆನಪಿಡಬೇಕು.

ಮೋಟರ್ ತಾನ ಓಡಸೂದಿಲ್ಲ, ನೀವು ಪೆಡಲ್ ತುಳಿದ್ರ ಅಷ್ಟ. ಇಲ್ಲೆ ಕಾಯ್ದೆ ಪ್ರಕಾರ 250 ವ್ಯಾಟ್, ತಾಸಿಗೆ 25 ಕಿಲೋಮೀಟರ್ ದಾಟಿದ್ರ ಬಂದ್ ಆಗ್ತದ. ಕೆಲವು ಗಾಡಿಯೊಳಗ ಎಷ್ಟು ಜೋರು ತುಳಿತೀರಿ ಅಷ್ಟ ಜೋರು ನೂಕುವಂಥ ಸೆನ್ಸರ್ ಇರ್ತದ, ಅದು ಆರಾಮ. ಇನ್ನ ಕೆಲವು ಪೆಡಲ್ ತಿರುಗಿದ್ದ ತಡ ಒಮ್ಮೆಲೆ ಜಿಗಿತಾವು, ಹಿಂತಾದ್ರಾಗ ಸಿಗ್ನಲ್‌ಗ ನಿಂತಾಗ ಪೆಡಲ್ ಮ್ಯಾಲೆ ಕಾಲಿಟ್ಕೊಂಡು ನಿಂತ್ರ ಮುಂದಿನಾವನ ಮ್ಯಾಲೆ ಹೋಗ್ತೀರಿ. ಯಾವ ನಮೂನಿ ಅಂತ ಫೋನ್ ಮಾಡಿ ಕೇಳ್ರಿ. ಏರಿನ ಮುಂದ ನಿಲ್ಲೂಕಿಂತ ಮೊದಲ ಗೇರ್ ಹಗುರ ಮಾಡ್ಕೊಂಡು ನಿಲ್ರಿ, ಇಲ್ಲಾಂದ್ರ ಹೊಳ್ಳಿ ಎತ್ತಾಕ ಬರೂದಿಲ್ಲ.

ಟ್ರಾಮ್ ಹಳಿ. ಇದು ಎಲ್ಲಾಕಿಂತ ದೊಡ್ಡದು. 28 ನಂಬರ್ ಟ್ರಾಮ್ ಅದ ದಾರಿಯಾಗ ಬರ್ತದ, ಹಳಿ ಸಂದಿಯಾಗ ಗಾಲಿ ಹೊಕ್ಕರ ಮುಗೀತು. ನಮ್ಮ ಗುಂಪಿನ್ಯಾಗ ಒಬ್ಬಾಂವ ಫೋನ್ ನೋಡ್ಕೋತ ಬಿದ್ದ, ಮಣಕಾಲು ಕೆತ್ತಿತು, ಅಷ್ಟಕ್ಕ ಪಾರಾದ. ಹಳಿ ದಾಟಬೇಕಾದ್ರ ಅಡ್ಡ ನೇರ ದಾಟ್ರಿ, ಓರೆ ಬ್ಯಾಡ. ಮಳಿ ಬಂದ್ರ ಹಳಿನೂ ಜಾರ್ತಾವು, ಆ ಬಿಳಿ ಸುಣ್ಣದಕಲ್ಲಿನ ಫುಟ್‌ಪಾತೂ ಪಾಚಿಗಟ್ಟಿದ ಬಚ್ಚಲದಂಗ ಆಗ್ತದ. ನವೆಂಬರ್ ಅಂದ್ರ ಮಳಿ ತಿಂಗಳ, ಹಿಂದಿನ ದಿನದ ತನಕ ಫ್ರೀ ಕ್ಯಾನ್ಸಲ್ ಇದ್ದದ್ದ ಬುಕ್ ಮಾಡ್ರಿ. ತುಂತುರು ಇದ್ದರೂ ಅವರು ಹೊರಡಸ್ತಾರ, ಅಪ್ಪಾರು ಇದ್ರ ನೀವಾ ಬ್ಯಾಡ ಅನ್ರಿ.

ಮಗಳ ವಯಸ್ಸು ಅಲ್ಲ, ಎತ್ತರ ಹೇಳಿ ಕೇಳ್ರಿ. ಸೀಟು ಪೂರ್ತಿ ಇಳಿಸಿದ್ರೂ ಕಾಲು ನೆಲಕ್ಕ ಹತ್ತಬೇಕು.

ನಡ್ಕೊಂಡೇ_ಹೋಗಿ

ಎಲ್ಲಾ ಬರೆದಿದ್ದು ಸರಿ ಆದ್ರೆ ನಾನು ಈ ಟೂರ್‌ಗೇ ವಿರುದ್ಧ. ಹತ್ತು ಹನ್ನೆರಡು ಜನ ಸೈಕಲ್ ಹಾಕ್ಕೊಂಡು ಪೋರ್ತಸ್ ದು ಸೋಲ್ ಫುಟ್‌ಪಾತ್ ತುಂಬ ನಿಂತ್ಕೊಂಡ್ರೆ ಅಲ್ಲಿರೋ ಅಜ್ಜಿಯರು ತರಕಾರಿ ಚೀಲ ಹಿಡ್ಕೊಂಡು ರಸ್ತೆಗಿಳಿದು ಹೋಗಬೇಕು, ನಾನೇ ನೋಡಿದೀನಿ. ಮೊದಲೇ ಅಲ್ಲಿ ಅರ್ಧ ಮನೆಗಳು ಟೂರಿಸ್ಟ್ ಬಾಡಿಗೆಗೆ ಹೋಗಿ ಹಳಬರೆಲ್ಲ ಖಾಲಿ ಮಾಡ್ತಿದಾರೆ. ಟುಕ್‌ಟುಕ್ ಬೇರೆ, ನಮ್ಮ ಆಟೋನೇ, ಬ್ಯಾಟರಿ ಹಾಕಿ ನಮ್ಮವರು ಕನಸಲ್ಲೂ ಕೇಳದ ರೇಟ್ ಹೇಳ್ತಾರೆ.

ಏರು ಹತ್ತೋದೇ ಸಮಸ್ಯೆ ಅಂದ್ರೆ ಬೈಶಾದ ಫಂಕೈರುಶ್ ರಸ್ತೇಲಿ ಫ್ರೀ ಲಿಫ್ಟ್ ಇದೆ, ಅದು ಇಳಿದು ಸ್ವಲ್ಪ ನಡೆದ್ರೆ ಸೂಪರ್‌ಮಾರ್ಕೆಟ್ ಕಟ್ಟಡದಲ್ಲಿ ಇನ್ನೊಂದು ಲಿಫ್ಟು, ಕೋಟೆ ಹತ್ರಕ್ಕೆ ಬಿಡತ್ತೆ. ಅಥವಾ 737 ಬಸ್ಸು ಫಿಗೈರಾ ಚೌಕದಿಂದ ಕೋಟೆ ಬಾಗಿಲಿಗೇ ಹೋಗತ್ತೆ. ಮೇಲಿಂದ ಕೆಳಕ್ಕೆ ನಡ್ಕೊಂಡು ಇಳೀರಿ, ದಾರಿ ತಪ್ಪಿದ್ರೂ ಇಳಿಜಾರು ಹಿಡಿದ್ರೆ ನದಿಗೇ ಬರ್ತೀರಿ. ನಿಮ್ಮ ಅಮ್ಮಂಗೆ ಮೆಟ್ಟಿಲು ಇಳಿಯೋದು ಕಷ್ಟ ಅಂದ್ರೆ 12 ನಂಬರ್ ಟ್ರಾಮ್ ಹತ್ತಿಸಿ, 28ರ ತರನೇ ಹಳೇ ಹಳದಿ ಡಬ್ಬ, ಅಲ್ಫಾಮಾ ಮೇಲೇ ಸುತ್ತು ಹಾಕತ್ತೆ, ಅಷ್ಟು ರಶ್ ಇರಲ್ಲ. 28ಕ್ಕೆ ಮಾರ್ತಿಂ ಮುನೀಶ್ ಚೌಕದಲ್ಲಿ ಕ್ಯೂ ನಿಂತ್ರೆ ಬಿಸಿಲಲ್ಲೇ ಒಂದು ಗಂಟೆ ಹೋಗತ್ತೆ, ಒಳಗೆ ಜೇಬುಗಳ್ಳರು.

ಪೆಡಲ್_ಪುಟ್ಟ

ಫುಟ್‌ಪಾತ್ ವಿಷ್ಯ ಒಪ್ತೀನಿ, ಅದಕ್ಕೇ ಚಿಕ್ಕ ಗುಂಪಿನದ್ದೇ ಆರಿಸಿ, ಆರೇಳು ಜನಕ್ಕಿಂತ ಜಾಸ್ತಿ ಇದ್ರೆ ಗೈಡ್ ಮಾತೂ ಕೇಳಿಸಲ್ಲ. ಆದ್ರೆ ಲಿಫ್ಟು ಬಸ್ಸು ಕೋಟೆವರೆಗೆ ಬಿಡತ್ತೆ ಅಷ್ಟೆ, ಗ್ರಾಸಾ ಸೆನ್ಯೋರಾ ದು ಮೋಂತಿ ಮತ್ತೆ ಪಾಂಥಿಯಾನ್ ಎಲ್ಲಾ ಒಂದೇ ಬೆಳಿಗ್ಗೆ ನಡೆದು ಮುಗಿಸೋದು 66ರ ಮನುಷ್ಯನಿಗೆ ಶಿಕ್ಷೆ. ಡೈರಿಗೆ ಸೈಕಲ್ ತುಳಿಯೋರಿಗೆ ಇ-ಬೈಕೇ ವಾಸಿ.

ಹೊನ್ನಾವರ_ಹೊಳೆಬದಿ

ಬೈಕೋ ನಡಿಗೆಯೋ ಏನಾದ್ರೂ ಮಾಡ್ಕೊಳ್ಳಿ ಮಾರಾಯ್ರೆ, ಇಳಿದು ನದಿ ದಡಕ್ಕೆ ಬಂದಾಗ ಕಾಂಪು ದಸ್ ಸೆಬೊಲಾಸ್ ಹತ್ರ ಕಾಜಾ ದುಸ್ ಬೀಕುಶ್ ಅಂತ ಒಂದು ಮನೆ ಉಂಟು, ಮುಂದಿನ ಗೋಡೆ ಪೂರಾ ವಜ್ರದ ಆಕಾರದಲ್ಲಿ ಚೂಪು ಚೂಪು ಕಲ್ಲು. ಸೈಕಲ್ ಟೂರಿನವರು ಅಲ್ಲಿ ಎರಡು ನಿಮಿಷ ನಿಲ್ಲಿಸಿ ಚೆಂದದ ಮನೆ ಅಂತ ಹೇಳಿ ಮುಂದೆ ಹೋಗ್ತಾರೆ. ಅದು ಕಟ್ಟಿಸಿದ್ದು 1523ರಲ್ಲಿ, ಬ್ರಾಸ್ ದಿ ಅಲ್ಬುಕರ್ಕ್ ಅಂತ, 1510ರಲ್ಲಿ ಗೋವಾ ಹಿಡಿದ ಅಫೊನ್ಸೊ ಅಲ್ಬುಕರ್ಕನ ಮಗ. ಆ ಅಪ್ಪನಿಗೆ ಗೋವಾ ಮೇಲೆ ಹೋಗು ಅಂತ ಕಿವಿ ಊದಿದ್ದು, ಹಡಗು ಜನ ಕೊಟ್ಟಿದ್ದು ನಮ್ಮ ಹೊನ್ನಾವರದ ತಿಮ್ಮಯ್ಯ, ಪೋರ್ಚುಗೀಸರು ತಿಮೋಜ ಅಂತ ಬರ್ದಿಟ್ಟಿದ್ದಾರೆ. ವಿಜಯನಗರದ ಕಡೆಯವನು, ಸಮುದ್ರದ ಮೇಲೆ ದರೋಡೆಯೂ ಮಾಡ್ತಿದ್ದ. ಅಲ್ಬುಕರ್ಕ್ ಆಗ ಕೆಂಪು ಸಮುದ್ರದ ಕಡೆ ಹೊರಟವನು, ದಾರೀಲಿ ಇವನ ಮಾತು ಕೇಳಿ ತಿರುಗಿದ್ದು. ಅಲ್ಲಿ ಗೈಡಿಗೆ ಅಲ್ಬುಕರ್ಕ್ ಗೊತ್ತಿರ್ತದೆ, ತಿಮ್ಮಯ್ಯ ಗೊತ್ತಿಲ್ಲ, ನಾನು ಹೇಳಿದ್ದಕ್ಕೆ ಪಾಪ ಫೋನಲ್ಲಿ ಬರೆದುಕೊಂಡ. ನೆಲಮಟ್ಟದಲ್ಲಿ ರೋಮನ್ನರ ಕಾಲದ ಗೋಡೆ, ಮೀನು ಉಪ್ಪು ಹಾಕುವ ತೊಟ್ಟಿ ಎಲ್ಲ ಅಗೆದು ತೋರಿಸಿದ್ದಾರೆ, ಅದಕ್ಕೆ ಟಿಕೆಟ್ ಇಲ್ಲ. ಒಳಗೆ ಹೋಗಿ.

ತಿಪಟೂರು_ತೆಂಗು

ಅಬ್ಬಾ, ಎಲ್ರಿಗೂ ಥ್ಯಾಂಕ್ಸ್. ಬ್ರೇಕ್ ವಿಷ್ಯ ಅಪ್ಪನಿಗೆ ವಿಡಿಯೋ ಕಾಲ್‌ನಲ್ಲಿ ಹೇಳಿದೆ, ಇಲ್ಲಿ ಬಂದ ಮೇಲೆ ನನ್ನ ಸೈಕಲ್ಲಲ್ಲೇ ಪ್ರಾಕ್ಟೀಸ್ ಮಾಡಿಸ್ತೀನಿ. ಪ್ಲಾನ್ ಹಿಂಗೆ ಮಾಡಿದೀವಿ: ನಾನು ಅಪ್ಪ ಬೈಕ್ ಟೂರು, ಓಣಿಯೊಳಗೆ ನಡೆಸೋರದ್ದೇ ಸಿಕ್ತು, ಗುಂಪು ಆರು ಜನ. ಮಗಳು ಎತ್ತರಕ್ಕೆ ಎರಡು ಸೆಂಟಿಮೀಟರ್ ಕಮ್ಮಿ ಬಿದ್ಲು, ಮುಖ ಊದಿಸ್ಕೊಂಡಿದಾಳೆ. ಅವಳು, ನಮ್ಮನೆಯವಳು, ಅಮ್ಮ 12 ನಂಬರ್ ಟ್ರಾಮಲ್ಲಿ ಬಂದು ಪೋರ್ತಸ್ ದು ಸೋಲ್‌ನಲ್ಲಿ ಕೂತಿರ್ತಾರೆ. ಇನ್ನೆರಡು ಪ್ರಶ್ನೆ. ವಾರದಲ್ಲಿ ಯಾವ ದಿನ ವಾಸಿ? ಮತ್ತೆ ಅಪ್ಪ ಅಮ್ಮ ಮೊಟ್ಟೆನೂ ತಿನ್ನಲ್ಲ, ಟೂರ್‌ನಲ್ಲಿ ಕೇಕ್ ಇನ್‌ಕ್ಲೂಡೆಡ್ ಅಂತ ಇದೆ.

ಪೆಡಲ್_ಪುಟ್ಟ

ಮಂಗಳವಾರ ಅಥವಾ ಶನಿವಾರ. ಆ ಎರಡು ದಿನ ಪಾಂಥಿಯಾನ್ ಹಿಂದಿನ ಮೈದಾನದಲ್ಲಿ ಫೈರಾ ದ ಲಾದ್ರಾ ಅಂತ ಹಳೇ ಸಾಮಾನಿನ ಸಂತೆ, ಬೆಳಿಗ್ಗೆ ಟೂರ್ ತಗೊಂಡ್ರೆ ಮುಗಿದ ಮೇಲೆ ಎಲ್ಲಾ ಒಟ್ಟಿಗೆ ಅಲ್ಲಿ ಸುತ್ತಬಹುದು. ಹಳೇ ಟೈಲ್ಸ್ ಮಾತ್ರ ತಗೋಬೇಡಿ, ಗೋಡೆಯಿಂದ ಕದ್ದು ಕಿತ್ತಿದ್ದೂ ಇರತ್ತೆ.

ಕೇಕ್ ಅಂದ್ರೆ ಪಾಶ್ತೆಲ್ ದಿ ನಾತಾ, ಅದರ ನಡುವಿನ ಹಳದಿ ಕಸ್ಟರ್ಡಿಗೆ ಮೊಟ್ಟೆಯ ಹಳದಿ ಭಾಗ ಹಾಕಿರ್ತಾರೆ, ಬೇಡ ಅಂತ ಮೊದಲೇ ಹೇಳಿ. ಗೈಡು ಜಿಂಜಿನ್ಯಾ ಅಂತ ಪುಟ್ಟ ಲೋಟದಲ್ಲಿ ಕೆಂಪಗೆ ಸಿಹಿ ಸಿಹಿ ಕೊಟ್ರೆ ಅದು ಚೆರ್ರಿ ಮದ್ಯ, ಶರಬತ್ತಲ್ಲ, ಅಪ್ಪನಿಗೆ ತಿಳಿಸಿರಿ. ಊಟಕ್ಕೆ ಮಾರ್ತಿಂ ಮುನೀಶ್ ಸುತ್ತ ನಮ್ಮ ಕಡೆಯವರ, ಬಾಂಗ್ಲಾ ನೇಪಾಳದವರ ಅಂಗಡಿ ಹೋಟೆಲ್ ಸಾಲುಸಾಲು ಇವೆ. ಪಕ್ಕಾ ಶುದ್ಧ ಸಸ್ಯಾಹಾರವೇ ಬೇಕು ಅಂದ್ರೆ ಮೆಟ್ರೋದಲ್ಲಿ ತೆಲ್ಯೈರಾಸ್ ಕಡೆ ಹೋಗಿ, ಮೊಜಾಂಬಿಕ್‌ನಿಂದ ಬಂದ ಗುಜರಾತಿಗಳು ಕಟ್ಟಿರೋ ರಾಧಾಕೃಷ್ಣ ದೇವಸ್ಥಾನ ಇದೆ, ಅಲ್ಲೇ ಕ್ಯಾಂಟೀನ್ ಇದೆ.

ಇನ್ನೊಂದು, ಅಪ್ಪನ ಷೆಂಗೆನ್ ವೀಸಾಗೆ 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಮಾಡಿಸಿರ್ತೀರಲ್ಲ, ಅದರಲ್ಲಿ ಇ-ಬೈಕ್ ಸೇರತ್ತಾ ಅಂತ ಇವತ್ತೇ ಮೇಲ್ ಹಾಕಿ ಕೇಳಿ. ಉತ್ತರ ಬರಹದಲ್ಲೇ ಇರಲಿ.