ಕಾಂಟ್ಯಾಕ್ಟ್‌ಲೆಸ್ ಕಾಫಿ ಕಪ್: ‘ಮುಟ್ಟಿಸು’ ಅನ್ನಬಹುದೇ?

ಗೆಳೆಯರೇ,

ಶಾಲಾ ಮಕ್ಕಳ ಗೋಡೆಪತ್ರಿಕೆಗೆ ಒಂದು ಪುಟ್ಟ ಲೇಖನ ಬರೆಯುತ್ತಿದ್ದೇನೆ. ವಿಷಯ ಬ್ರಿಟನ್ನಿನದು. ಅಲ್ಲಿನ ಕಾಫಿ ಅಂಗಡಿಗಳ ಕಂಪನಿ ಕೋಸ್ಟಾ ಕಾಫಿಯವರು 2018ರಲ್ಲಿ ‘ಕ್ಲೆವರ್ ಕಪ್’ ಎಂಬ ಲೋಟ ಮಾರಾಟಕ್ಕೆ ತಂದರು. ತೊಳೆದು ಮತ್ತೆ ಮತ್ತೆ ಬಳಸುವ ಲೋಟ, ಮೇಲೆ ಮುಚ್ಚಳ. ತಳದಲ್ಲಿ ಬ್ಯಾಂಕ್ ಕಾರ್ಡಿನಲ್ಲಿರುವಂಥ ಚಿಪ್. ಕೌಂಟರಿನಲ್ಲಿರುವ ಯಂತ್ರದ ಹತ್ತಿರ ಲೋಟವನ್ನೇ ಹಿಡಿದರೆ ಸಾಕು, ಕಾಫಿ ದುಡ್ಡು ಕೊಟ್ಟ ಹಾಗೆ ಆಗುತ್ತಿತ್ತು. ಆಗ ಬೆಲೆ 14.99 ಪೌಂಡ್ ಇತ್ತು. ಲೋಟ ಮಾಡಿದ್ದು ಆಸ್ಟ್ರೇಲಿಯಾದ ಫ್ರಾಂಕ್ ಗ್ರೀನ್ ಕಂಪನಿ, ದುಡ್ಡು ಕೊಡುವ ವ್ಯವಸ್ಥೆ ಬಾರ್ಕ್ಲೇಕಾರ್ಡ್ ಎಂಬ ಕಾರ್ಡ್ ಕಂಪನಿಯ ‘ಬಿಪೇ’ಯದಾಗಿತ್ತು. ವಿಷಯ ಸರಳವಾಗಿದೆ. ಆದರೆ ‘ಕಾಂಟ್ಯಾಕ್ಟ್‌ಲೆಸ್’, ‘ರೀಯೂಸಬಲ್’ ಎರಡಕ್ಕೂ ಸರಿಯಾದ ಕನ್ನಡ ಪದ ಸಿಗದೆ ಮುಂದೆ ಹೋಗಲು ಆಗುತ್ತಿಲ್ಲ.

ಮೊದಲು ಕಾಂಟ್ಯಾಕ್ಟ್‌ಲೆಸ್. ‘ಸಂಪರ್ಕರಹಿತ ಪಾವತಿ’ ಎಂದು ಅಲ್ಲಲ್ಲಿ ಓದಿದ್ದೇನೆ. ನನಗೆ ಇದು ಒಪ್ಪಿಗೆಯಾಗುವುದಿಲ್ಲ. ಸಂಪರ್ಕ ಅಂದರೆ ನಮಗೆ ಹೊಳೆಯುವುದು ರಸ್ತೆ, ಫೋನು, ನೆಟ್‌ವರ್ಕ್. ‘ಊರಿಗೆ ರಸ್ತೆ ಸಂಪರ್ಕ ಇಲ್ಲ’, ‘ವಿದ್ಯುತ್ ಸಂಪರ್ಕ ಕಡಿತ’. ಆರನೇ ತರಗತಿಯ ಮಗು ‘ಸಂಪರ್ಕರಹಿತ ಪಾವತಿ’ ಅಂತ ಓದಿದರೆ ನೆಟ್‌ವರ್ಕ್ ಇಲ್ಲದ ಕಡೆ ದುಡ್ಡು ಕೊಡುವ ಉಪಾಯ ಅಂದುಕೊಳ್ಳುತ್ತದೆ. ಕೋವಿಡ್ ಸಮಯದಲ್ಲಿ ‘ಪ್ರಾಥಮಿಕ ಸಂಪರ್ಕಿತರು’ ಬಂದ ಮೇಲಂತೂ ಆ ಪದಕ್ಕೆ ಕಾಯಿಲೆಯ ವಾಸನೆಯೂ ಹತ್ತಿದೆ.

ಇಲ್ಲಿ ಕಾಂಟ್ಯಾಕ್ಟ್ ಅನ್ನುವುದು ಎಲೆಕ್ಟ್ರಿಷಿಯನ್ ಬಾಯಲ್ಲಿ ಬರುವ ಕಾಂಟ್ಯಾಕ್ಟ್. ಸ್ವಿಚ್ಚು ಕೈಕೊಟ್ಟಾಗ ಅವರು ‘ಲೂಸ್ ಕಾಂಟ್ಯಾಕ್ಟ್ ಇದೆ’ ಅನ್ನುತ್ತಾರಲ್ಲ, ಅದೇ. ಬ್ಯಾಂಕ್ ಕಾರ್ಡಿನ ಮೇಲೆ ಹೊಂಬಣ್ಣದ ಚೌಕ ಇರುತ್ತದೆ. ಕಾರ್ಡನ್ನು ಯಂತ್ರದೊಳಗೆ ತೂರಿಸಿದಾಗ ಒಳಗಿನ ಲೋಹದ ಕಡ್ಡಿಗಳು ಆ ಚೌಕಕ್ಕೆ ತಗುಲುತ್ತವೆ. ಹಾಗೆ ಲೋಹಕ್ಕೆ ಲೋಹ ತಗುಲುವ ಅಗತ್ಯ ಇಲ್ಲದಿದ್ದರೆ ಅದು ಕಾಂಟ್ಯಾಕ್ಟ್‌ಲೆಸ್. ಲೋಟದ ಚಿಪ್‌ಗೆ ಬ್ಯಾಟರಿಯೂ ಇಲ್ಲ. ಯಂತ್ರ 13.56 ಮೆಗಾಹರ್ಟ್ಸ್‌ನ ರೇಡಿಯೊ ಅಲೆ ಹೊರಡಿಸುತ್ತದೆ, ಚಿಪ್‌ನ ಸುತ್ತ ಇರುವ ತಂತಿಯ ಸುರುಳಿ ಅದರಿಂದಲೇ ವಿದ್ಯುತ್ ಪಡೆದು ಉತ್ತರ ಕೊಡುತ್ತದೆ. ಕೆಲವೇ ಸೆಂಟಿಮೀಟರ್ ಹತ್ತಿರ ಬಂದರಷ್ಟೇ ಇದು ನಡೆಯುವುದು. ಹಾಗಾಗಿ ನಿಜಕ್ಕೂ ಜನ ಮಾಡುವುದೇನು? ಲೋಟವನ್ನು ಯಂತ್ರಕ್ಕೆ ತಾಗಿಸಿಯೇ ಬಿಡುತ್ತಾರೆ! ಇಂಗ್ಲಿಷ್ ಪದ ಯಂತ್ರದ ಕಡೆಯಿಂದ ನೋಡಿದೆ. ನಾವು ಕೈಯ ಕಡೆಯಿಂದ ನೋಡಿದರೆ ತಪ್ಪೇನು?

ನಮ್ಮ ಜನ ಮೊದಲಿನಿಂದಲೂ ಹಾಗೇ ನೋಡಿದ್ದಾರೆ. ಕಾರ್ಡ್ ಸ್ವೈಪ್ ಮಾಡುವುದಕ್ಕೆ ‘ಕಾರ್ಡ್ ಉಜ್ಜು’ ಅನ್ನುವುದನ್ನು ಯಾವ ಸಮಿತಿಯೂ ಟಂಕಿಸಲಿಲ್ಲ, ಅದು ತಾನಾಗಿಯೇ ಬಂತು. ಈಗ ಅಂಗಡಿಗಳಲ್ಲಿ ‘ಟ್ಯಾಪ್ ಮಾಡಿ ಸರ್’ ಅನ್ನುತ್ತಾರೆ. ಆ ಟ್ಯಾಪ್‌ಗೆ ಕನ್ನಡದ್ದೇ ಒಂದು ಕ್ರಿಯಾಪದ ಹುಡುಕಿದೆ. ‘ತಟ್ಟು’ ಅಂದರೆ ಬಾಗಿಲು, ರೊಟ್ಟಿ ನೆನಪಾಗುತ್ತವೆ, ಪೆಟ್ಟು ಜಾಸ್ತಿ. ‘ಒತ್ತು’ ಅಂದರೆ ಮಕ್ಕಳು ಗುಂಡಿ ಹುಡುಕುತ್ತಾರೆ. ‘ಸೋಕಿಸು’ ಚೆನ್ನಾಗಿದೆ, ಆದರೆ ಪಕ್ಕದಲ್ಲೇ ‘ಸೋಂಕು’ ಕೂತಿದೆ. ‘ತಾಗಿಸು’ ಆಗಬಹುದು. ಕೆಲವು ಕಡೆ ತಾಗು, ಕೆಲವು ಕಡೆ ತಾಕು, ಅದೇನು ದೊಡ್ಡ ತೊಡಕಲ್ಲ.

ನನ್ನ ಮನಸ್ಸು ನಿಂತಿರುವುದು ‘ಮುಟ್ಟಿಸು’ ಮೇಲೆ. ಕಾರಣ, ದುಡ್ಡಿನ ವಿಚಾರದಲ್ಲಿ ಈ ಪದ ಆಗಲೇ ಕೆಲಸ ಮಾಡುತ್ತಿದೆ. ‘ಬಾಡಿಗೆ ಹಣ ಅವರಿಗೆ ಮುಟ್ಟಿಸಿ ಬಾ’, ‘ದುಡ್ಡು ಮುಟ್ಟಿತಾ?’ ಅಂತ ಎಲ್ಲ ಕಡೆ ಹೇಳುತ್ತೇವೆ. ಉತ್ತರ ಕರ್ನಾಟಕದಲ್ಲಿ ‘ರೊಕ್ಕ ಮುಟ್ಟೈತಿ’ ಅಂದರೆ ಲೆಕ್ಕ ಮುಗಿಯಿತು. ಅಂದರೆ ತಾಗಿಸುವುದು, ತಲುಪಿಸುವುದು ಎರಡೂ ಒಂದೇ ಕ್ರಿಯಾಪದದಲ್ಲಿವೆ. ‘ಲೋಟ ಮುಟ್ಟಿಸಿದರೆ ದುಡ್ಡು ಮುಟ್ಟುತ್ತದೆ.’ ಈ ಲೋಟದ ಬಗ್ಗೆ ಇದಕ್ಕಿಂತ ಸರಿಯಾದ ವಾಕ್ಯ ನನಗೆ ಹೊಳೆಯುತ್ತಿಲ್ಲ. ಹೆಸರು ಬೇಕಾದಾಗ ‘ಮುಟ್ಟಿಸು ಪಾವತಿ’ ಅನ್ನಬಹುದೇ? ಕ್ರಿಯಾಪದಕ್ಕೆ ಹೀಗೆ ನೇರವಾಗಿ ನಾಮಪದ ಅಂಟಿಸಿದ್ದು ಕೆಲವರ ಕಿವಿಗೆ ಒರಟಾಗಿ ಕೇಳಿಸೀತು. ‘ಮುಟ್ಟಿಸಿ ಕೊಡುವುದು’ ಅಂದರೆ ಹಗುರವಾಗುತ್ತದೆ. ಇನ್ನೊಂದು ಆಕ್ಷೇಪ ಬರಬಹುದು. ಮುಟ್ಟು ಪದಕ್ಕೆ ಮೈಲಿಗೆಯ ಹಳೆಯ ನೆನಪುಗಳಿವೆ, ಅದು ನೋವಿನ ನೆನಪು. ಅದನ್ನು ಲಘುವಾಗಿ ತಳ್ಳಿಹಾಕುತ್ತಿಲ್ಲ. ಆದರೂ ‘ಮುಟ್ಟಿಸು’ ರೂಪ ದಿನಬಳಕೆಯಲ್ಲಿ ಶುದ್ಧ ವ್ಯವಹಾರದ ಮಾತಾಗಿ ಉಳಿದಿದೆ ಅಂತ ನನ್ನ ಅನಿಸಿಕೆ.

ರೀಯೂಸಬಲ್ ಪದದ ತೊಂದರೆ ಬೇರೆ ಥರದ್ದು. ನಮ್ಮಲ್ಲಿ ರೀಯೂಸ್‌ಗೂ ರೀಸೈಕಲ್‌ಗೂ ‘ಮರುಬಳಕೆ’ ಅಂತಲೇ ಬರೆದುಬಿಡುತ್ತೇವೆ. ಬೇರೆ ಲೇಖನದಲ್ಲಾದರೆ ನಡೆದೀತು, ಇಲ್ಲಿ ನಡೆಯುವುದಿಲ್ಲ. ಪೇಪರ್ ಕಪ್ಪಿನ ಒಳಮೈಗೆ ತೆಳು ಪ್ಲಾಸ್ಟಿಕ್ ಅಂಟಿರುತ್ತದೆ, ಕಾಗದದಿಂದ ಅದನ್ನು ಬಿಡಿಸುವುದು ಕಷ್ಟ. ಬ್ರಿಟನ್ನಿನಲ್ಲಿ ವರ್ಷಕ್ಕೆ ಸುಮಾರು 250 ಕೋಟಿ ಇಂಥ ಕಪ್‌ಗಳು ಕಸಕ್ಕೆ ಹೋಗುತ್ತವೆ ಎಂದು ಅಲ್ಲಿನ ಸಂಸತ್ತಿನ ಪರಿಸರ ಸಮಿತಿ 2018ರ ಜನವರಿಯಲ್ಲಿ ಹೇಳಿತು. ತೊಳೆದು ಬಳಸುವ ಲೋಟಕ್ಕೆ ಬೆಲೆ ಬಂದದ್ದೇ ಬಿಸಾಡಿದ ಕಪ್ ಹೆಚ್ಚಿನ ಸಲ ಹೊಸ ವಸ್ತುವಾಗುವುದಿಲ್ಲ ಅನ್ನುವುದರಿಂದ. ಎರಡಕ್ಕೂ ಒಂದೇ ಪದ ಹಾಕಿದರೆ ಕಥೆಯೇ ಕೆಡುತ್ತದೆ. ನಾನು ರೀಯೂಸ್‌ಗೆ ಮರುಬಳಕೆ, ರೀಸೈಕಲ್‌ಗೆ ‘ಕರಗಿಸಿ ಹೊಸದು ಮಾಡುವುದು’ ಅಂತ ಬಿಡಿಸಿ ಬರೆಯಬೇಕೆಂದಿದ್ದೇನೆ. ಲೋಟಕ್ಕಂತೂ ‘ತೊಳೆದು ಬಳಸುವ ಲೋಟ’ ಸಾಕು. ನಮ್ಮಲ್ಲಿ ವಿಶೇಷಣ ಬೇಕಿದ್ದದ್ದು ಇನ್ನೊಂದಕ್ಕೇ: ‘ಯೂಸ್ ಅಂಡ್ ಥ್ರೋ ಲೋಟ’. ಸುಮ್ನೆ ಲೋಟ ಅಂದರೆ ತೊಳೆಯುವುದೇ, ಅಲ್ವಾ?

ಚಿಪ್ ಇರುವ ಭಾಗ ಸಿಲಿಕೋನಿನದು, ಬಿಚ್ಚಿ ತೆಗೆದು ಲೋಟ ತೊಳೆಯಬಹುದು. ಅದನ್ನು ‘ತಳ’ ಎಂದೇ ಕರೆದಿದ್ದೇನೆ. ಈ ಲೋಟದ ಖಾತೆಗೆ ಮುಂಗಡವಾಗಿ ಹಣ ಸೇರಿಸಿಡುವುದಕ್ಕೆ ‘ದುಡ್ಡು ಹಾಕು’ ಎಂದಿದ್ದೇನೆ. ‘ತುಂಬಿಸು’ ಅಂದರೆ ಲೋಟಕ್ಕೆ ಕಾಫಿ ತುಂಬಿಸಿದಂತಾಗುತ್ತದೆ.

ಬ್ರಿಟನ್ನಿನ ಅದೇ ಪರಿಸರ ಸಮಿತಿ ಒಂದೊಂದು ಪೇಪರ್ ಕಪ್ಪಿಗೂ 25 ಪೆನ್ಸ್ ತೆರಿಗೆ ಹಾಕಿ ಎಂದಿತ್ತು. ಸರ್ಕಾರ ಒಪ್ಪಲಿಲ್ಲ. ಜನ ಆ ತೆರಿಗೆಯನ್ನು ‘ಲ್ಯಾಟೆ ಲೆವಿ’ (ಹಾಲು ಕಾಫಿಯ ತೆರಿಗೆ) ಎಂದು ಕರೆದರು. ಆ ಪ್ರಾಸ ಉಳಿಸಿಕೊಂಡು ‘ಕಪ್ ಕಂದಾಯ’ ಮಾಡಿದ್ದೇನೆ. ಕಂದಾಯ ಅಂದರೆ ಜಮೀನು, ಮನೆಗೆ ಕಟ್ಟುವುದು ಅಂತ ಮಕ್ಕಳು ಗೊಂದಲಪಟ್ಟಾರೆಯೇ? ‘ಲೋಟದ ಲೆವಿ’ ಇನ್ನೂ ಸಲೀಸೇ?

ಧಾರವಾಡ, ಕಲಬುರಗಿ ಕಡೆಯವರು, ಕರಾವಳಿಯವರು ದಯವಿಟ್ಟು ತಿಳಿಸಿ: ಮೆಟ್ರೊ ಕಾರ್ಡನ್ನೋ ಬ್ಯಾಂಕ್ ಕಾರ್ಡನ್ನೋ ಯಂತ್ರಕ್ಕೆ ಹೀಗೆ ತಾಗಿಸುವುದಕ್ಕೆ ನಿಮ್ಮ ಮನೆಯಲ್ಲಿ, ಅಂಗಡಿಯಲ್ಲಿ ಈಗಾಗಲೇ ಯಾವ ಪದ ಓಡಾಡುತ್ತಿದೆ? ಕಿವಿಯಾರೆ ಕೇಳಿದ್ದಾದರೆ ಆ ವಾಕ್ಯವನ್ನು ಹಾಗೇ ಬರೆಯಿರಿ.