ಮುಚ್ಚಿದ ಟ್ರೇಲರ್ ಎಳ್ಕೊಂಡು ನ್ಯಾಶ್‌ವಿಲ್‌ನಿಂದ ಅಟ್ಲಾಂಟಾಗೆ, ನಡುವೆ ಚಟನೂಗ

ಪ್ರಶ್ನೆ: ಅಮೆರಿಕದ ಬಾಡಿಗೆ ಕಂಪನಿ ಯು-ಹಾಲ್‌ನ 5x8 ಅಡಿ ಟ್ರೇಲರ್ ಬಾಡಿಗೆಗೆ ತಗೊಂಡು ಮನೆ ಸಾಮಾನು ಸಾಗಿಸಬೇಕು. ದಾರೀಲಿ ಒಂದಿನ ಟೆನೆಸ್ಸೀಯ ಚಟನೂಗ ನಗರ ನೋಡೋ ಆಸೆ. ಸಾಮಾನು ಹೇಗೆ ತುಂಬೋದು, ಟ್ರೇಲರ್ ಎಲ್ಲಿ ಬಿಡೋದು?

ಉತ್ತರ 1: ಖಾಲಿ ಟ್ರೇಲರೇ 900 ಪೌಂಡ್, ಅದರೊಳಗೆ 1,800 ಪೌಂಡ್‌ವರೆಗೆ ತುಂಬಬಹುದು. ಮೊದಲು ನಿಮ್ಮ ಕಾರಿನ ಎಳೆಯೋ ಮಿತಿ ನೋಡಿ. ಶೇ. 60ರಷ್ಟು ಭಾರ ಮುಂದಿನ ಅರ್ಧದಲ್ಲೇ ಇರಲಿ: ಪುಸ್ತಕ, ವಾಷಿಂಗ್ ಮಷೀನ್ ಎಲ್ಲ ಮುಂದೆ, ಹಾಸಿಗೆ ಹಿಂದೆ. ಹಿಂದೆ ಭಾರ ಜಾಸ್ತಿಯಾದರೆ ಹಿಚ್ (ಕಾರಿನ ಹಿಂದೆ ಟ್ರೇಲರ್ ಸಿಕ್ಕಿಸೋ ಕೊಂಡಿ) ಮೇಲಿನ ಒತ್ತಡ ತಗ್ಗಿ ಟ್ರೇಲರ್ ಅತ್ತಿತ್ತ ಓಲಾಡುತ್ತೆ. ಆಗ ಬ್ರೇಕ್ ಒತ್ತಲೇಬೇಡಿ. ಆಕ್ಸಿಲರೇಟರ್ ಬಿಟ್ಟು ಸ್ಟೀರಿಂಗ್ ನೇರ ಹಿಡಿದಿರಿ. ಗಂಟೆಗೆ 55 ಮೈಲಿ ದಾಟಬೇಡಿ.

ಉತ್ತರ 2: ನ್ಯಾಶ್‌ವಿಲ್‌ನಿಂದ ಚಟನೂಗಗೆ ಹೋಗೋ ಐ-24 ಹೆದ್ದಾರಿಯ ಮಾಂಟೀಗಲ್ ಇಳಿಜಾರು ಜೋರಾಗಿದೆ. ಇಳಿಯೋ ಮುಂಚೆಯೇ ಕಡಿಮೆ ಗೇರ್‌ಗೆ ಹಾಕಿ. ಬ್ರೇಕ್ ಒತ್ತಿಕೊಂಡೇ ಇಳಿದರೆ ಕಾದು ಹಿಡಿತ ಹೋಗುತ್ತೆ.

ಉತ್ತರ 3: ಚಟನೂಗದಲ್ಲಿ ಬಹುಮಹಡಿ ಪಾರ್ಕಿಂಗ್‌ಗೆ ಟ್ರೇಲರ್ ತರಬೇಡಿ. ಹೋಟೆಲ್‌ಗೆ ಮೊದಲೇ ಫೋನ್ ಮಾಡಿ ಬಯಲು ಜಾಗ ಕೇಳಿ. ಹಿಂಬಾಗಿಲು ತೆರೆಯೋಕೆ ಆಗದ ಹಾಗೆ ಗೋಡೆಗೆ ಒತ್ತಿ ನಿಲ್ಲಿಸಿ, ಕಪ್ಲರ್‌ಗೂ (ಹಿಚ್‌ಗೆ ಕೂರೋ ಟ್ರೇಲರ್‌ನ ಮುಂತುದಿ) ಬೀಗ ಹಾಕಿ. ಆಮೇಲೆ ಟೆನೆಸ್ಸೀ ನದಿ ದಡದಲ್ಲಿ ಅಕ್ವೇರಿಯಂ ನೋಡಿ, ವಾಲ್ನಟ್ ಸ್ಟ್ರೀಟ್ ಸೇತುವೆ ತೆರೆದಿದ್ದರೆ ಅದರ ಮೇಲೆ ನಡೆದು ಆಚೆ ದಡದ ಕೂಲಿಡ್ಜ್ ಪಾರ್ಕ್‌ಗೆ ಇಳಿಯಿರಿ. 1978ರಿಂದ ಆ ಸೇತುವೆ ಮೇಲೆ ಕಾರು ಬಿಡಲ್ಲ, 1993ರಲ್ಲಿ ನಡೆಯೋರಿಗಾಗಿ ತೆರೆದರು, ಮಕ್ಕಳ ಜೊತೆ ನಿಶ್ಚಿಂತೆಯಿಂದ ನಡೀಬಹುದು. ಬೇಸಿಗೆಯಾದರೆ ಸಂಜೆ ಹೋಗಿ, ಸೇತುವೆ ಮೇಲೆ ನೆರಳಿಲ್ಲ.