ವಾರಂಟಿಯೊಳಗಿನ ಕಾರು ಎಂಜಿನ್ ಆಯಿಲ್ ಕುಡಿಯಾಕತ್ತೈತಿ, ಏನ್ ಮಾಡಬೇಕ್ರಿ?

ಪ್ರಶ್ನೆ (ಹುಬ್ಬಳ್ಳಿ): ಟರ್ಬೊ ಪೆಟ್ರೋಲ್ ಕಾರು. ಮುಂದಿನ ಸರ್ವೀಸ್ ಬರೂದ್ರೊಳಗ ಆಯಿಲ್ ಡಿಪ್‌ಸ್ಟಿಕ್‌ದಾಗಿನ (ಆಯಿಲ್ ಅಳಿಯೂ ಕಡ್ಡಿ) ಕನಿಷ್ಠ ಗೆರಿಗಿಂತ ಕೆಳಗ ಹೋಗತೈತಿ. ನೆಲಕ್ಕ ಒಂದ್ ಹನಿನೂ ಸೋರಿಲ್ಲ. ಸರ್ವೀಸ್ ಸೆಂಟರ್‌ದವ್ರು ‘ನಾರ್ಮಲ್ ಐತ್ರಿ, ಟಾಪ್‌ಅಪ್ ಮಾಡ್ರಿ’ ಅಂತಾರ.

ಉತ್ತರ 1 (ಧಾರವಾಡ): ಬಾಯಿಮಾತು ಬ್ಯಾಡ್ರಿ, ‘ಆಯಿಲ್ ಕನ್ಸಂಪ್ಶನ್ ಟೆಸ್ಟ್’ ಅಂತ ಜಾಬ್ ಕಾರ್ಡಿನ್ಯಾಗ ಬರಸ್ರಿ. ಗರಿಷ್ಠ ಗೆರಿ ತನಕ ತುಂಬಿ, ಫಿಲ್ಲರ್ ಕ್ಯಾಪ್, ಡಿಪ್‌ಸ್ಟಿಕ್, ಡ್ರೇನ್ ಬೋಲ್ಟಿಗೆ ಸೀಲ್ ಹಾಕ್ತಾರ. ಸಾಮಾನ್ಯವಾಗಿ 1,000 ಕಿ.ಮೀ. ಓಡಿಸಿದ ಮ್ಯಾಲ ಎಷ್ಟು ಕಡಿಮಿ ಆತು ಅಂತ ಅಳೀತಾರ. ಟೆಸ್ಟ್ ನಡದಾಗೂ ಮಟ್ಟ ನೋಡ್ರಿ. ಕನಿಷ್ಠಕ್ಕ ಬಂದ್ರ ಅವರ ಕೈಲೇ ಹಾಕಿಸಿ, ಪ್ರಮಾಣ ಬರಸ್ರಿ. ಎಷ್ಟೋ ಕಂಪನಿ ಮ್ಯಾನ್ಯುವಲ್‌ನ್ಯಾಗ ಮಿತಿ ದೊಡ್ಡದೇ ಇರತೈತಿ, ಕೆಲವದ್ರಾಗ 1,000 ಕಿ.ಮೀ.ಗೆ 1 ಲೀಟರ್ ತನಕ. ನಿಮ್ಮದ್ರಾಗ ಎಷ್ಟೈತಿ ಮೊದಲ ಓದ್ರಿ.

ಉತ್ತರ 2 (ಗದಗ): ಆಯಿಲ್ ಎಂಜಿನ್ನಿನೊಳಗೆ ಉರಿದರೆ ಸೈಲೆನ್ಸರ್‌ನಿಂದ ನೀಲಿ ಹೊಗೆ ಬರುತ್ತದೆ, ಅದು ಯಾವಾಗ ಬರುತ್ತದೆ ಗಮನಿಸಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮಾತ್ರ ನೀಲಿ ಹೊಗೆ ಬಂದರೆ ವಾಲ್ವ್ ಸ್ಟೆಮ್ ಸೀಲ್ (ವಾಲ್ವ್ ದಂಡದ ಸುತ್ತ ಆಯಿಲ್ ತಡೆಯುವ ಸೀಲ್) ಮೇಲೆ ಅನುಮಾನ. ಎಕ್ಸಲರೇಟರ್ ಒತ್ತಿದಾಗ ಬಂದರೆ ಪಿಸ್ಟನ್ನಿನ ಆಯಿಲ್ ರಿಂಗ್ ಅಥವಾ ಟರ್ಬೊ ಸೀಲ್. ಎಂಜಿನ್ ಬಿಚ್ಚುವ ಮೊದಲು ಪಿಸಿವಿ ವಾಲ್ವ್ (ಎಂಜಿನ್ನಿನೊಳಗಿನ ಗ್ಯಾಸನ್ನು ಇನ್‌ಟೇಕ್‌ಗೆ, ಅಂದರೆ ಗಾಳಿ ಒಳಹೋಗುವ ದಾರಿಗೆ, ಬಿಡುವ ವಾಲ್ವ್) ನೋಡಿಸಿ. ಅದು ಕೆಟ್ಟರೂ ಆಯಿಲ್ ಇನ್‌ಟೇಕ್‌ಗೆ ಹೋಗಿ ಉರಿಯುತ್ತದೆ, ಬದಲಿಸುವುದೂ ಅಗ್ಗ. ದಪ್ಪ ಗ್ರೇಡ್ ಆಯಿಲ್ ಹಾಕಿಸಲೇಬೇಡಿ, ವಾರಂಟಿ ತಿರಸ್ಕರಿಸಲು ಅದೇ ನೆಪವಾಗುತ್ತದೆ. ಕಾರಣ ಹುಡುಕದೆ ಬರೀ ಟಾಪ್‌ಅಪ್ ಮಾಡುತ್ತಲೇ ಹೋದರೆ, ಉರಿದ ಆಯಿಲ್‌ನಿಂದ ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆ ಶುದ್ಧ ಮಾಡುವ ಭಾಗ) ಕೂಡ ಹಾಳಾಗಬಹುದು.

ಉತ್ತರ 3 (ಹಾವೇರಿ): ಆಯಿಲ್ ಬಿಲ್ ಎಲ್ಲಾ ಇಟ್ಕೊಳ್ರಿ. ಟೆಸ್ಟ್ ಮಾಡಾಕ ಒಲ್ಲೆ ಅಂದ್ರ ಕಂಪನಿಗೆ ಈಮೇಲ್, ಆಮ್ಯಾಲ ಗ್ರಾಹಕರ ಸಹಾಯವಾಣಿ 1915. ವಾರಂಟಿ ಮುಗಿಯೂದಕ್ಕಿಂತ ಮೊದಲ ದೂರು ದಾಖಲಾಗಿರಬೇಕು.